ಬೆಳಂಬಾರಕ್ಕೆ ಹೋಗಿ ಬಂದ ಗೆಳತಿಯರು

ಶ್ರಾವಣ ಬಂತೆಂದರೆ ಧಾರವಾಡದ ನಮ್ಮ ಮನೆಯ ಜಗುಲಿಯ ಮೇಲೆ ಎರಡು ಬಗೆಯ ಮಾತು ನಡೆಯುತ್ತದೆ. ಒಂದು, ಪ್ರವಚನಕ್ಕೆಂದು ಗ್ರಂಥಗಳನ್ನು ಹರವಿಕೊಂಡು ಕುಳಿತ ನಾವು ನಮ್ಮೊಳಗೇ ಆಡಿಕೊಳ್ಳುವ ಮಾತು. ಇನ್ನೊಂದು, ನಮ್ಮ ಮನೆಯವರನ್ನು ಕಾಣಲು ಬರುವ ಗೆಳತಿಯರ ಮಾತು. ಯಾವ ಅಂಗಡಿಗೆ ಹೊಸ ಇಳಕಲ್ ಸೀರೆ ಬಂದಿವೆ, ಯಾವ ಖಾನಾವಳಿಯ ಎಣ್ಣೆಗಾಯಿ ಮೊದಲಿನ ರುಚಿ ಕಳೆದುಕೊಂಡಿದೆ, ಚಳಿಗೆ ಹಿಮ್ಮಡಿ ಒಡೆದರೆ ಏನು ಹಚ್ಚಬೇಕು, ದೀಪಾವಳಿಯ ರಜೆಗೆ ಮೊಮ್ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು, ಯಾರ ಬಣ್ಣಕ್ಕೆ ಯಾವ ಖಣ ಒಪ್ಪುತ್ತದೆ, ಇಂಥವೇ. ಈ ಮಾತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಬಾಲ್ಯದಲ್ಲೇ ಮಠದ ಪಾಠಶಾಲೆ ಸೇರಿ, ಎರಡು ಜೊತೆ ಬಟ್ಟೆ ಮತ್ತು ಒಂದು ಹೊದಿಕೆಯಲ್ಲಿ ಹನ್ನೆರಡು ವರ್ಷ ಕಳೆದ ನಮಗೆ ಇದೆಲ್ಲ ಕಾಲಹರಣವಾಗಿಯೇ ತೋರುತ್ತಿತ್ತು. ಬಾಗಿಲು ಮುಂದೆ ಮಾಡಿಕೊಂಡು ಓದಿಗೆ ಕೂರುತ್ತಿದ್ದೆವು.

ಆ ಗೆಳತಿಯರು ಮೂವರು. ಒಬ್ಬರು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿ ನಿವೃತ್ತರಾದವರು. ಓಣಿಗೆಲ್ಲ ಅವರು ಟೀಚರಕ್ಕ. ಇನ್ನೊಬ್ಬರ ಮನೆಯವರದು ಕಿರಾಣಿ ಅಂಗಡಿ. ಅವರು ಅಂಗಡಿ ಅಕ್ಕ. ಮೂರನೆಯವರು ನಮ್ಮ ಮನೆಯವರ ತವರಿನ ಕಡೆಯವರು, ಸಂಬಂಧದಲ್ಲಿ ನಾದಿನಿ. ಉಡುವ ತೊಡುವ ವಿಷಯದಲ್ಲಿ ಟೀಚರಕ್ಕನ ಮಾತೇ ಕೊನೆಯದು. ಬೇಸಿಗೆಯಲ್ಲಿ ನೂಲಿನ ಇಳಕಲ್, ಮಳೆಗಾಲದಲ್ಲಿ ಬೇಗ ಒಣಗುವ ಸಾದಾ ಸೀರೆ, ಮದುವೆಯ ದಿನಗಳಲ್ಲಿ ಗುಳೇದಗುಡ್ಡದ ಖಣದ ಕುಪ್ಪಸ ಎಂದು ಋತುಮಾನಕ್ಕೆ ತಕ್ಕಂತೆ ಅವರು ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದರು.

2024ರ ಶ್ರಾವಣದಲ್ಲಿ ನಮ್ಮ ಪ್ರವಚನದ ವಿಷಯ ಅಕ್ಕಮಹಾದೇವಿಯವರ ಚರಿತ್ರೆ. ಕೌಶಿಕನ ಅರಮನೆಯನ್ನು, ಅದರೊಡನೆ ಉಡುಗೆತೊಡುಗೆಯನ್ನೂ ತೊರೆದು ಅಕ್ಕ ಹೊರಟ ಪ್ರಸಂಗವನ್ನು ನಾವು ಅಂದು ವಿವರಿಸುತ್ತಿದ್ದೆವು. ಟೀಚರಕ್ಕ ಎಂದಿನಂತೆ ಮುಂದಿನ ಸಾಲಿನಲ್ಲಿದ್ದರು. ಮಾತಿನ ನಡುವೆ ಅವರತ್ತ ದೃಷ್ಟಿ ಹೋದಾಗ ಅವರ ತುಟಿಯ ಒಂದು ಕೊನೆ ಕೆಳಗೆ ಜಾರಿ ಸೊಟ್ಟಗಾದಂತೆ ಕಂಡಿತು. ನಮ್ಮನ್ನು ನೋಡಿ ಕೊಂಕುನಗೆ ನಗುತ್ತಿದ್ದಾರೆಂದು ನಾವು ಬಗೆದೆವು. ವಿದ್ಯೆಯ ಅಹಂಕಾರ ಬಹು ಚುರುಕಾದದ್ದು. ಸೆರಗಿನ ಅಂಚು ನೋಡುತ್ತ ಕುಳಿತವರ ಕಿವಿಗೆ ಅಕ್ಕನ ವೈರಾಗ್ಯ ಹೇಗೆ ಇಳಿದೀತು ಎಂಬ ಅರ್ಥದ ಒಂದು ಚುಚ್ಚುಮಾತನ್ನು ಅಲ್ಲಿಯೇ ಆಡಿದೆವು. ಸಭೆ ನಕ್ಕಿತು. ಅವರು ನಗಲಿಲ್ಲ.

ಪ್ರವಚನ ಮುಗಿಸಿ ನಾವು ಮನೆಗೆ ಬಂದೆವು; ಗೆಳತಿಯರು ಹಬ್ಬದ ಸೀರೆ ನೋಡಲು ಪೇಟೆಗೆ ಹೋದರು. ಅಲ್ಲಿ ನಡೆದುದನ್ನು ನಮ್ಮ ಮನೆಯವರು ಹೇಳಿದಂತೆ ಹೇಳುತ್ತೇವೆ. ಅಂಗಡಿ ಅಕ್ಕ ಒಂದು ಸೀರೆಯನ್ನು ಬಿಚ್ಚಿ, ಬಣ್ಣ ಒಪ್ಪುವುದೋ ಇಲ್ಲವೋ ನೋಡಲು ಟೀಚರಕ್ಕನ ಕೆನ್ನೆಗೆ ಹಿಡಿದು ಕನ್ನಡಿಯತ್ತ ತಿರುಗಿಸಿದರಂತೆ. ಮರುಗಳಿಗೆ ಸೀರೆಯನ್ನು ಕೆಳಗಿಟ್ಟರಂತೆ. “ಅಕ್ಕಾ, ಒಂಚೂರು ನಗ್ರಿ ನೋಡೂಣು.” ನಗೆ ಒಂದೇ ಕಡೆ ಮೂಡಿತು. “ಎರಡೂ ಕೈ ಮ್ಯಾಲೆತ್ರಿ.” ಎಡಗೈ ಅರ್ಧಕ್ಕೇ ಜಾರಿತು. ಅಂಗಡಿ ಅಕ್ಕನ ಮಾವನವರಿಗೆ ಹಿಂದೊಮ್ಮೆ ಪಾರ್ಶ್ವವಾಯು ಬಡಿದಿತ್ತು. ಆ ಲಕ್ಷಣ ಅವರು ಬಲ್ಲರು. ಬಿಚ್ಚಿದ ಸೀರೆಗಳನ್ನು ಹಾಗೆಯೇ ಬಿಟ್ಟು ಆಟೊ ಹಿಡಿದು ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋದರು.

ವೈದ್ಯರು ಮೊದಲು ಕೇಳಿದ ಪ್ರಶ್ನೆ, ಇದು ಯಾವಾಗ ಆರಂಭವಾಯಿತು ಎಂಬುದು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕಾಗಿ ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತು ಗೊತ್ತಿರಬೇಕು. ಟೀಚರಕ್ಕನ ನಾಲಿಗೆ ಅಷ್ಟರಲ್ಲಿ ತೊದಲುತ್ತಿತ್ತು. ಜೊತೆಯಲ್ಲಿದ್ದವರು ಪ್ರವಚನದಲ್ಲಿ ಅವರ ಹಿಂದೆ ಕುಳಿತವರು, ಮುಖ ನೋಡಿರಲಿಲ್ಲ. ನಮ್ಮ ಮನೆಯವರು ಫೋನ್ ಮಾಡಿದರು. “ಕೇಳ್ರಿ ಇಲ್ಲೆ, ಪ್ರವಚನದಾಗ ಟೀಚರಕ್ಕನ ಮುಖ ನೀವು ನೋಡಿದ್ರೇನು?”

ನೋಡಿದ್ದೆವು. ಹತ್ತು ಗಂಟೆಗೆ ಆರಂಭವಾಗುವಾಗ ಅವರು ಎರಡೂ ಕೈ ಎತ್ತಿ ಶರಣು ಎಂದು ನಕ್ಕದ್ದು ನೆನಪಿತ್ತು. ಕೌಶಿಕನ ಪ್ರಸಂಗ ಎತ್ತಿಕೊಂಡದ್ದು ಹನ್ನೊಂದರ ಸುಮಾರಿಗೆ. ಗಡಿಯಾರ ಎದುರಿನ ಗೋಡೆಯ ಮೇಲೆಯೇ ಇದೆ. ಇಷ್ಟನ್ನು ಹೇಳಿದೆವು. ನಾವು ಆಡಿದ ಚುಚ್ಚುಮಾತಿನ ಹೊತ್ತೇ ವೈದ್ಯರಿಗೆ ಬೇಕಾದ ಹೊತ್ತೂ ಆಗಿತ್ತು. ಚುಚ್ಚುಮದ್ದು ಸಕಾಲಕ್ಕೆ ಸಿಕ್ಕಿತು, ಜೀವ ಉಳಿಯಿತು, ಕೈ ಬಹುಮಟ್ಟಿಗೆ ಸರಿಹೋಯಿತು. ಆದರೆ ಅಂದಿನಿಂದ ನಮಗೊಂದು ಲೆಕ್ಕ ಬಿಡದೆ ಕಾಡುತ್ತಿದೆ. ಮುಖವನ್ನು ನಾವೂ ನೋಡಿದೆವು, ಅಂಗಡಿ ಅಕ್ಕನೂ ನೋಡಿದರು. ಅವರು ಸೀರೆಯ ಬಣ್ಣ ಒಪ್ಪುವುದೇ ಎಂದು ನೋಡಿದರು. ನಾವು ನಮ್ಮ ಮಾತು ಒಪ್ಪಿತೇ ಎಂದು ನೋಡಿದೆವು.

ಮುಂದಿನ ಕೆಲವು ತಿಂಗಳು ಸುಲಭದವಲ್ಲ. ನಾಲಿಗೆ ತಿರುಗತೊಡಗಿತು; ಬಾಯಿಯ ಎಡಕೊನೆ ಮಾತ್ರ ಸ್ವಲ್ಪ ಜೋತೇ ಉಳಿಯಿತು. ಅಷ್ಟಕ್ಕೇ ಟೀಚರಕ್ಕ ಮನೆಯಿಂದ ಹೊರಬರುವುದನ್ನು ಬಿಟ್ಟರು. ಪಡಸಾಲೆಯ ಕನ್ನಡಿ ತೆಗೆಸಿದರು. ಯಾರ ಎದುರಿಗೂ ಊಟ ಮಾಡಲೊಲ್ಲರು, ಅನ್ನದ ಅಗುಳು ಎಡಬದಿಯಿಂದ ಜಾರುತ್ತದೆಂದು. ದೇಹ ಅನಿತ್ಯವೆಂದು ಸಾವಿರ ಸಲ ಹೇಳಿದ ನಾವು ಒಮ್ಮೆ ಅವರ ಮನೆಗೆ ಹೋಗಿ ಅದನ್ನೇ ಹೇಳಿ ಬಂದೆವು. ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿದರು. ಗೆಳತಿಯರು ಮಾತ್ರ ವಾರಕ್ಕೆರಡು ದಿನ ಹೋಗಿ ಹಳೆಯ ಮಾತನ್ನೇ ಆಡುತ್ತಿದ್ದರು: ಅಲ್ಲಿ ಇಂಥ ಸೀರೆ ಬಂದಿದೆ, ಇಲ್ಲಿ ಇಂಥ ಊಟ ಸಿಗುತ್ತದೆ. ಉತ್ತರ ಬರುತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ.

ಬೆಳಂಬಾರದ ಹೆಸರು ಬಂದದ್ದು ಈ ಮಾತಿನಲ್ಲಿಯೇ. ಪಾರ್ಶ್ವವಾಯುವಿಗೆ ನಾಟಿ ಔಷಧ ಕೊಡುವ ಊರೆಂದು ಅಂಕೋಲೆಯ ಬಳಿಯ ಆ ಕಡಲತೀರದ ಹಳ್ಳಿ ಘಟ್ಟದ ಮೇಲಿನ ನಮ್ಮ ಸೀಮೆಯಲ್ಲೂ ಬಹುಕಾಲದಿಂದ ಪ್ರಸಿದ್ಧ. ವೈದ್ಯರನ್ನು ಕೇಳಿದೆವು, ತಾವು ಬರೆದುಕೊಟ್ಟ ಮಾತ್ರೆ ಒಂದು ದಿನವೂ ತಪ್ಪಬಾರದು, ಹೊಟ್ಟೆಗೆ ಬೇರೇನು ತೆಗೆದುಕೊಳ್ಳುವುದಿದ್ದರೂ ಮೊದಲು ತಮಗೆ ತಿಳಿಸಬೇಕು ಎಂದರು. ಅದರಂತೆಯೇ ನಡೆದುಕೊಂಡೆವು. ಅಲ್ಲಿಯ ಔಷಧದ ಗುಣಾವಗುಣಗಳ ಬಗ್ಗೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲ, ಈ ಬರಹ ಅದಕ್ಕಾಗಿಯೂ ಅಲ್ಲ. ಹೀಗೆ ಬಾಯಿ ಸೊಟ್ಟಗಾದದ್ದು, ಕೈ ಜಾರಿದ್ದು ಕಂಡರೆ ಓದುಗ ಬಂಧುಗಳು ಮೊದಲು ಓಡಬೇಕಾದದ್ದು ಆಸ್ಪತ್ರೆಗೇ.

ಅಂಕೋಲೆಯಲ್ಲಿ ನಮಗೊಬ್ಬ ಗೆಳೆಯರುಂಟು. ಪಾಠಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ಹೋದವರು ನಿವೃತ್ತಿಯ ನಂತರವೂ ಅಲ್ಲಿಯೇ ನಿಂತರು. ಅವರಿಂದ ವರ್ಷಕ್ಕೆ ಮೂರೋ ನಾಲ್ಕೋ ಅಂಚೆ ಕಾರ್ಡು ತಪ್ಪದೆ ಬರುತ್ತಿದ್ದವು. ಫಾಲ್ಗುಣದಲ್ಲಿ, ಸುರಗಿ ಅರಳಿದೆ, ಸುಗ್ಗಿಯ ಕುಣಿತವಿದೆ, ಬನ್ನಿರಿ. ವೈಶಾಖದಲ್ಲಿ, ಇಷಾಡ ಮಾವು ಹಣ್ಣಾಗಿದೆ, ಈ ಹಣ್ಣು ಹೆಚ್ಚು ದಿನ ತಾಳದು, ಬೇಗ ಬನ್ನಿರಿ. ಆಷಾಢದಲ್ಲಿ, ಈಗ ಬರಬೇಡಿರಿ, ಮಳೆ ಬಹಳ. ನಾವು ಮರುಟಪಾಲಿಗೆ ಒಂದು ಶಬ್ದದ ನಿಷ್ಪತ್ತಿಯನ್ನೋ ಹಳೆಯ ಓಲೆಗರಿಯ ಪಾಠಾಂತರವನ್ನೋ ಕುರಿತು ಬರೆಯುತ್ತಿದ್ದೆವು. ಇಷಾಡದ ಮಾತಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ. ಮೂವತ್ತು ವರ್ಷ ಕರೆದ ಗೆಳೆಯರ ಮನೆಗೆ ನಾವು ಮೊದಲ ಸಲ ಹೊರಟದ್ದು ನಮಗೆ ಕೆಲಸ ಬಿದ್ದಾಗ.

ಅವರ ಸಲಹೆ ಫೋನಿನಲ್ಲಿ ಸ್ಪಷ್ಟವಾಗಿ ಬಂತು. “ಮಳಿ ನಿಂತು ನೆಲ ಗಟ್ಟಿಯಾಗೂ ತನಕ ಘಟ್ಟ ಇಳೀಬ್ಯಾಡ್ರಿ.” ಅದೇ ವರ್ಷ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಬದಿಯ ಚಹದಂಗಡಿಯನ್ನೂ ಗಂಗಾವಳಿ ನದಿಗೆ ನೂಕಿದ ದುರಂತ ಅವರ ಕಣ್ಣ ಮುಂದೆಯೇ ಇತ್ತು. ಎರಡನೆಯ ಸಲಹೆ, ನೂಲಿನ ಬಟ್ಟೆಯನ್ನಲ್ಲದೆ ಬೇರೆ ತರಬಾರದು, ಅಲ್ಲಿಯ ಬೆವರು ನಮ್ಮ ಕಡೆಯದಲ್ಲ. ಮೂರನೆಯದು, ಕಟಕ ರೊಟ್ಟಿ ಕಟ್ಟಿಕೊಂಡು ಬರಬಾರದು. ಈ ಮೂರನೆಯದನ್ನು ಮಾತ್ರ ನಮ್ಮ ಮನೆಯವರು ಮನ್ನಿಸಲಿಲ್ಲ. ತಿಂಗಳಿಟ್ಟರೂ ಕೆಡದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ದೊಡ್ಡ ಡಬ್ಬಿಯ ತುಂಬ ಹೊರಟಿತು.

2025ರ ಮಾರ್ಚಿಯಲ್ಲಿ, ಹೋಳಿಹುಣ್ಣಿಮೆಗೆ ಮೂರು ದಿನ ಮುಂಚೆ, ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಟ್ಟ ಇಳಿದಂತೆ ಗಾಳಿ ಭಾರವಾಯಿತು. ಟೀಚರಕ್ಕ ಕಿಟಕಿಯ ಪಕ್ಕ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನೂಲಿನ ಇಳಕಲ್ ಉಟ್ಟಿದ್ದರು, ಉಡಿಸಿದವರು ನಾದಿನಿ. ಮರುದಿನ ಬೆಳಗಿನ ಉಪಾಹಾರಕ್ಕೆಂದು ರೊಟ್ಟಿಯ ಡಬ್ಬಿ ತೆಗೆದರೆ, ಮುರಿದರೆ ಟಪ್ಪೆನ್ನಬೇಕಾದ ರೊಟ್ಟಿ ಒದ್ದೆ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಗೆಳೆಯರು ಏನೂ ಆಡಲಿಲ್ಲ. ಆಡದಿದ್ದುದೇ ಹೆಚ್ಚು.

ಅವರ ಮನೆಯ ತಾಯಿ ಬುದ್ಧಿವಂತೆ. ಹಿಂದಿನ ರಾತ್ರಿಯೇ ಟೀಚರಕ್ಕ ಹಸಿವಿಲ್ಲವೆಂದು ಊಟಕ್ಕೆ ಬಾರದಿದ್ದುದನ್ನು ಅವರು ಗಮನಿಸಿದ್ದರು. ರೊಟ್ಟಿ ಹೋದರೆ ಹೋಗಲಿ ಎಂದು ಎಲ್ಲರಿಗೂ ಕುಚಲಕ್ಕಿಯ ಗಂಜಿ ಬಡಿಸಿದರು, ಬದಿಗೆ ಮಾವಿನ ಮಿಡಿ. ಚಮಚ ಇಡಲಿಲ್ಲ. ಹಲಸಿನ ಎಲೆಯನ್ನು ಮಡಚಿ ಕಡ್ಡಿ ಚುಚ್ಚಿ ಒಬ್ಬೊಬ್ಬರ ಕೈಗೂ ಕೊಟ್ಟರು. ಕರಾವಳಿಯಲ್ಲಿ ಗಂಜಿ ಉಣ್ಣುವ ಹಳೆಯ ಪದ್ಧತಿ. ಘಟ್ಟದ ಮೇಲಿನ ನಮಗೆ ಅದರ ಹದ ಎಲ್ಲಿಂದ ಬರಬೇಕು? ಮೊದಲ ತುತ್ತಿಗೇ ನಮ್ಮ ಗಡ್ಡದಿಂದ ಗಂಜಿ ಇಳಿದು ಶಲ್ಯಕ್ಕೆ ಬಿತ್ತು. ಅಂಗಡಿ ಅಕ್ಕನ ಮೂಗಿಗೆ ತಗುಲಿತು. ನಾದಿನಿಯ ಮಡಿಲಿಗೇ ಸುರಿಯಿತು. ಸುರಿಸಿಕೊಳ್ಳದವರು ಆ ಪಂಕ್ತಿಯಲ್ಲಿ ಒಬ್ಬರೂ ಇರಲಿಲ್ಲ. ಏಳು ತಿಂಗಳ ಮೇಲೆ ಟೀಚರಕ್ಕ ನಾಲ್ವರ ನಡುವೆ ಕುಳಿತು ಉಂಡರು, ಎರಡನೆಯ ಸಲ ಬಡಿಸಿಕೊಂಡರು. ಮಧ್ಯಾಹ್ನಕ್ಕೆ ಅಪ್ಪೆಹುಳಿ, ಒಂದೆಲಗದ ತಂಬುಳಿ, ಕುಡಿಯಲು ಮುರುಗಲ ಶರಬತ್ತು. ಜೋಳವೇ ಪ್ರಾಣವೆಂದು ನಂಬಿದ ನಾವು ಅಪ್ಪೆಹುಳಿಯನ್ನು ಬಟ್ಟಲಲ್ಲಿ ಇಸಕೊಂಡು ಕುಡಿದೆವೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಬೆಳಂಬಾರಕ್ಕೆ ಹೋದದ್ದು ಅದರ ಮರುದಿನ. ತೆಂಗು, ಮರಳು, ಅಂಗಳದಲ್ಲಿ ಒಣಗಿದ ಹುಲ್ಲು, ಆಚೆ ಕಡಲಿನ ಸದ್ದು. ಬಂದ ಕೆಲಸ ಬೆಳಿಗ್ಗೆಯೇ ಮುಗಿಯಿತು. ಬಿಸಿಲು ಇಳಿಯಲೆಂದು ಗೆಳೆಯರ ಪರಿಚಯದ ಒಂದು ಹಾಲಕ್ಕಿ ಒಕ್ಕಲು ಮನೆಯ ಅಂಗಳದಲ್ಲಿ ಕುಳಿತೆವು. ಅಲ್ಲೊಬ್ಬ ಅಜ್ಜಿ ಮೊರದ ತುಂಬ ಸುರಗಿಯ ಮೊಗ್ಗು ಹಾಕಿಕೊಂಡು ಪೋಣಿಸುತ್ತಿದ್ದರು. ಹಾಲಕ್ಕಿಗಳ ಹಳೆಯ ಉಡುಗೆ, ಈಗ ಹಿರಿಯರಲ್ಲಿ ಮಾತ್ರ ಉಳಿಯುತ್ತಿರುವುದು: ಕುಪ್ಪಸವಿಲ್ಲದೆ ಹೆಗಲ ಮೇಲೆ ಗಂಟಿಕ್ಕಿದ ಸೀರೆ, ಕೊರಳಿನಿಂದ ಎದೆಯ ತನಕ ಸಾಲುಸಾಲು ಮಣಿಸರ. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನಕ್ಕೆ ಇದೇ ಉಡುಗೆಯಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದ, ಇದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಚಿತ್ರವನ್ನು ನೋಡದವರು ಕಡಿಮೆ. 2017ರಲ್ಲಿ ಪದ್ಮಶ್ರೀ ಪಡೆದ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರದೂ ಇದೇ ಉಡುಗೆ. ನಮ್ಮ ಮನೆಯವರಿಗೂ ಗೆಳತಿಯರಿಗೂ ಸುಕ್ರಜ್ಜಿಯನ್ನು ಕಾಣುವ ಆಸೆಯಿತ್ತು. ತುಳಸಿ ಗೌಡರು 2024ರ ಡಿಸೆಂಬರದಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ತಲುಪುವಷ್ಟರಲ್ಲಿ ಒಂದು ತಿಂಗಳು ತಡವಾಗಿತ್ತು.

ಅಜ್ಜಿ ನಮ್ಮ ಪಾಂಡಿತ್ಯವನ್ನಾಗಲಿ ಟೀಚರಕ್ಕನ ಬಾಯಿಯನ್ನಾಗಲಿ ನೋಡಲಿಲ್ಲ. ಅವರ ಸೆರಗನ್ನು ನೋಡಿದರು. ಬೆರಳಲ್ಲಿ ಹಿಡಿದು ತಿಕ್ಕಿದರು. ಇದು ಯಾವ ಊರಿನದು, ಒಡಲು ಒಂದು ಬಗೆ ಸೆರಗು ಒಂದು ಬಗೆ ಏಕೆ, ಹೊಲಿದಿದ್ದಾರೆಯೇ ಎಂದು ಕೇಳಿದರು. ನಮ್ಮ ಮನೆಯವರು ಉತ್ತರ ಕೊಡಲು ಬಾಯಿ ತೆರೆದರು. ಅಂಗಡಿ ಅಕ್ಕ ಮೊಣಕೈಯಿಂದ ತಿವಿದು ತಡೆದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಟೀಚರಕ್ಕ ಸೆರಗನ್ನು ಬಾಯಿಯಿಂದ ತೆಗೆದು ಮೊಣಕಾಲ ಮೇಲೆ ಹರವಿದರು. ಇಳಕಲ್ಲಿನದು, ಹೊಲಿಗೆಯಲ್ಲ, ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿ ಮಗ್ಗಕ್ಕೇರಿಸುತ್ತಾರೆ, ಸೆರಗು ಕೆಂಪು ರೇಷ್ಮೆ, ಇದು ಹಣಿಗೆ, ಇದು ಕೋಟೆ, ಇದು ಜೋಳದ ತೆನೆ ಎಂದು ಬೆರಳಿಟ್ಟು ತೋರಿಸಿದರು. ಮಾತು ನಿಧಾನ. ಪಕಾರ ಮಕಾರಗಳಲ್ಲಿ ತುಟಿ ಸೇರದೆ ಗಾಳಿ ಹೋಗುತ್ತಿತ್ತು. ಆದರೂ ಶಾಲೆಯಲ್ಲಿ ಪಾಠ ಹೇಳುವ ಧ್ವನಿ ಅದು. ನಾದಿನಿ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಆಮೇಲೆ ಪ್ರಶ್ನೆ ಕೇಳುವ ಸರದಿ ಟೀಚರಕ್ಕನದಾಯಿತು. ಇಷ್ಟು ಸರ ಹಾಕಿದರೆ ಕೊರಳು ನೋಯುವುದಿಲ್ಲವೇ, ಸೆಕೆಗೆ ಬೆವರುವುದಿಲ್ಲವೇ, ರಾತ್ರಿ ತೆಗೆಯುತ್ತೀರೋ. ರೂಢಿಯಾದ ಮೇಲೆ ಭಾರ ತಿಳಿಯುವುದಿಲ್ಲವೆಂದೂ ತೆಗೆದರೇ ಕೊರಳು ಬರಿದೆನಿಸುತ್ತದೆಂದೂ ಅಜ್ಜಿ ತಮ್ಮ ಮಾತಿನಲ್ಲಿ ಹೇಳಿದರು. ಹಿಮ್ಮಡಿಗೆ, ಒಡೆದ ತುಟಿಗೆ ಮುರುಗಲ ಬೀಜದ ತುಪ್ಪ ಹಚ್ಚಬೇಕೆಂದು ಹೇಳಿದವರೂ ಅವರೇ. ಗಟ್ಟಿ ಉಂಡೆಯಾಗಿರುತ್ತದೆ, ಬೆಂಕಿಯ ಬಳಿ ಹಿಡಿದರೆ ಕರಗುತ್ತದೆ. ನಮ್ಮ ಸೀಮೆಯ ಚಳಿಗೆ ಅದು ತಕ್ಕದ್ದೆಂದು ಗೆಳತಿಯರು ಆಗಲೇ ಲೆಕ್ಕ ಹಾಕಿದರು, ಯಾರಿಗೆ ಎಷ್ಟು ಉಂಡೆ ಎಂದು. ಹೊರಡುವಾಗ ಅಜ್ಜಿ ಸುರಗಿಯ ಒಂದೊಂದು ಮಾಲೆ ಕೊಟ್ಟರು. ಒಣಗಿದರೂ ಪರಿಮಳ ಹೋಗದು, ಸೀರೆಯ ಪೆಟ್ಟಿಗೆಯಲ್ಲಿಡಿ ಎಂಬುದು ಅವರ ಕೊನೆಯ ಸಲಹೆ. ಟೀಚರಕ್ಕ ಪೆಟ್ಟಿಗೆಗೆಂದು ಕಾಯಲಿಲ್ಲ, ಅಲ್ಲಿಯೇ ಮುಡಿದರು. ಮುಡಿಯಲು ಕನ್ನಡಿ ಬೇಕೆಂದರು. ಅಂಗಡಿ ಅಕ್ಕ ಚೀಲದಿಂದ ಸಣ್ಣ ಕನ್ನಡಿ ತೆಗೆದುಕೊಟ್ಟರು. ಏಳು ತಿಂಗಳಿನಿಂದ ಅದನ್ನು ಅವರು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರೆಂಬುದು ನಮಗೆ ಆಗ ತಿಳಿಯಿತು.

ಅಂಕೋಲೆ ಪೇಟೆಗೆ ಮರಳಿದಾಗ ಸಂಜೆ. 1930ರ ಉಪ್ಪಿನ ಸತ್ಯಾಗ್ರಹದ ಊರು, ಅದರ ಕುರುಹುಗಳನ್ನು ಎಲ್ಲರಿಗೂ ತೋರಿಸಬೇಕೆಂದು ನಾವು ಒಂದು ಸಣ್ಣ ಉಪನ್ಯಾಸವನ್ನೇ ಸಿದ್ಧಪಡಿಸಿಕೊಂಡಿದ್ದೆವು. ಅಷ್ಟರಲ್ಲಿ ಗುಮಟೆಯ ಸದ್ದು ಕೇಳಿ, ತಲೆಯ ಮೇಲೆ ಬಣ್ಣದ ತುರಾಯಿ ಹೊತ್ತ ಸುಗ್ಗಿಯ ಮೇಳ ಎದುರಿಗೆ ಬಂತು. ಬೆಂಡಿನ ಹೂವು, ಬೆಂಡಿನ ಹಕ್ಕಿ, ಕುಣಿದಂತೆಲ್ಲ ನಡುಗುತ್ತವೆ. ಗೆಳತಿಯರು ನಮ್ಮನ್ನು ಅಲ್ಲಿಯೇ ಬಿಟ್ಟು ಗುಂಪಿನೊಳಗೆ ಹೋದರು. ಉಪನ್ಯಾಸವನ್ನು ಗೆಳೆಯರೊಬ್ಬರೇ ಕೇಳಿದರು, ಅದೂ ಚಹ ಕುಡಿಯುತ್ತ. ನಡುವೆ ತಡೆದು, “ಮೇ ತಿಂಗಳದಾಗ ಬರ್ರಿ, ಕರಿ ಇಷಾಡ ತಿನ್ನಾಕ” ಎಂದರು. ಕರಿ ಇಷಾಡದ ಸಿಪ್ಪೆ ತೆಳುವು, ತಿರುಳು ಹೆಚ್ಚು. 2023ರಲ್ಲಿ ಅಂಕೋಲೆಯ ಹೆಸರಿನಲ್ಲಿಯೇ ಅದಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಈ ಸಲ ಬರುತ್ತೇವೆಂದೆವು. ಹೋದೆವು ಕೂಡ. ಹಣ್ಣಿನ ವಿಷಯ ಬರೆದರೆ ಸಂಪಾದಕರು ಕೊಟ್ಟ ಪುಟ ಸಾಲದು.

2025ರ ಶ್ರಾವಣದ ಪ್ರವಚನಕ್ಕೆ ಟೀಚರಕ್ಕ ಮತ್ತೆ ಮುಂದಿನ ಸಾಲಿಗೆ ಬಂದರು. ಬಾಯಿಯ ಎಡಕೊನೆ ಇನ್ನೂ ಸ್ವಲ್ಪ ಕೆಳಗೇ ಇದೆ, ಬಹುಶಃ ಹಾಗೆಯೇ ಇರುತ್ತದೆ. ಹಿಂದಿನ ವರ್ಷ ನಾವು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಮೊದಲ ದಿನವೇ ನಿಶ್ಚಯಿಸಿದ್ದೆವು. ಪ್ರವಚನ ಮುಗಿದೊಡನೆ ಇಳಿದು ಬಂದು ಕೈಮುಗಿದು ಆ ಮಾತನ್ನು ಎತ್ತಿದೆವು. ಅವರು ಪೂರ್ತಿ ಕೇಳಲೂ ಇಲ್ಲ. ನಮ್ಮ ಹೆಗಲ ಮೇಲಿನ ಬೂದುಬಣ್ಣದ ಶಾಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಶಾಸ್ತ್ರಿಗಳ, ಈ ಶಾಲು ನಿಮಗ ಒಪ್ಪಂಗಿಲ್ಲ ಬಿಡ್ರಿ. ಮುಖ ಬಾಡಿದಂಗ ಕಾಣತೈತಿ. ಕೇಸರಿ ಅಂಚಿನ ಬಿಳೀದು ತರಸ್ರಿ” ಎಂದರು. ಬಾಯಿ ಒಂದು ಬದಿಗೆ ವಾಲಿತು. ಈ ಸಲ ಅದು ನಗೆಯೇ ಆಗಿತ್ತು.

ಶಾಲು ತರಿಸಿದ್ದೇವೆ.